ಬೇಟೆಯ ಪಾಲು ಹಸಿದವರ ಮನೆಗೆ: ಅಮೆರಿಕದಲ್ಲಿ ಜಿಂಕೆ ಮಾಂಸ ದಾನ ಮಾಡುವ ಬಗೆ

ಅಜ್ಜನ ಕಾಲದಲ್ಲಿ ನಮ್ಮ ಮೂಡಿಗೆರೆ ಕಡೆ ಹಂದಿ ಬೇಟೆಯಾದರೆ ಪಾಲು ಹಾಕುವುದೇ ಒಂದು ದೊಡ್ಡ ಕೆಲಸವಾಗಿತ್ತಂತೆ. ಈಡು ಹೊಡೆದವನಿಗೆ ಕೋವಿ ಪಾಲು. ನಾಯಿ ತಂದವನಿಗೆ ನಾಯಿ ಪಾಲು. ಜೊತೆಗೆ ಹೋದವರಿಗೆಲ್ಲ ಒಂದೊಂದು ಪಾಲು. ಅದೆಲ್ಲ ಮುಗಿದ ಮೇಲೆ ಅಜ್ಜಿ ಬಾಳೆ ಎಲೆಯಲ್ಲಿ ಇನ್ನೊಂದು ಪಾಲು ಕಟ್ಟುತ್ತಿದ್ದರು. ಅದು ಕೇರಿಯ ಕೊನೆ ಮನೆಗೆ. ಗಂಡ ತೀರಿಕೊಂಡ ಒಬ್ಬ ಹೆಂಗಸು ಅಲ್ಲಿ ಮೂರು ಮಕ್ಕಳನ್ನು ಸಾಕುತ್ತಿದ್ದರು. ಬೇಟೆಗೆ ಹೋಗೋಕೆ ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಹಿತ್ತಲ ಬಾಗಿಲಲ್ಲಿ ಪೊಟ್ಟಣ ಕೊಟ್ಟು, ಮಾತಾಡದೆ ವಾಪಸ್ ಬರುತ್ತಿದ್ದರು. ಇದನ್ನು ನನಗೆ ಹೇಳಿದ್ದು ಅಮ್ಮ.

ನಾನೀಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಇಲ್ಲಿ ಬೇಟೆ ಕಾನೂನಿನ ಒಳಗಿನ ಕೆಲಸ. ಒಂಬತ್ತು ವರ್ಷದಿಂದ ಪ್ರತಿ ಚಳಿಗಾಲ ಕಾಡಿಗೆ ಹೋಗುತ್ತೇನೆ. ಮೊದಲು ಸಿಕ್ಕ ಜಿಂಕೆ ಮನೆಗೆ, ಎರಡನೆಯದು ಸಿಕ್ಕರೆ ಇಲ್ಲದವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ. ಆ ಎರಡನೆಯದನ್ನು ಕೊಡುವುದು ಹೇಗೆ, ಕೊಟ್ಟಾಗ ಮನಸ್ಸಿಗೆ ಏನು ಸಿಗುತ್ತದೆ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದಲ್ಲಿ ಇರುವವರಿಗೆ ಮಾತ್ರ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ದಾನಕ್ಕೆ ಅಂದರೂ ಅಪರಾಧವೇ. ಅದು ಹಾಗೇ ಇರಬೇಕು. ನಮ್ಮ ಕಾಡಿನಲ್ಲಿ ಹುಲಿ, ಚಿರತೆ, ಕೆನ್ನಾಯಿಗಳಿವೆ. ಅವುಗಳ ಊಟ ಅವುಗಳಿಗೇ ಸೇರಬೇಕು.

ಈ ದಾನ ಶುರುವಾದ ಬಗೆ

ಪೆನ್ಸಿಲ್ವೇನಿಯಾದಲ್ಲಿ 'ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್' ಅನ್ನುವ ಕಾರ್ಯಕ್ರಮ 1991ರಲ್ಲಿ ಶುರುವಾಯಿತು. ಅದೇ ವರ್ಷ ವರ್ಜೀನಿಯಾದಲ್ಲಿ 'ಹಂಟರ್ಸ್ ಫಾರ್ ದ ಹಂಗ್ರಿ' ಹುಟ್ಟಿತು. ಟೆಕ್ಸಸ್, ಮಿಸೌರಿ, ಅಯೋವಾದಲ್ಲೂ ಇಂಥವು ಇವೆ.

ನನಗೆ ತುಂಬಾ ಹಿಡಿಸಿದ್ದು ಮೇರಿಲ್ಯಾಂಡಿನ ಕಥೆ. ರಿಕ್ ವಿಲ್ಸನ್ ಅನ್ನುವವರು ಬೇಟೆಗೆ ಹೊರಟಿದ್ದರು. ರಸ್ತೆ ಪಕ್ಕ ಒಬ್ಬ ಹೆಂಗಸು ಕಾರು ನಿಲ್ಲಿಸಿಕೊಂಡಿದ್ದರು. ಕಾರು ಕೆಟ್ಟಿರಬೇಕು ಅಂದುಕೊಂಡು ಇವರು ಇಳಿದರು. ನೋಡಿದರೆ, ವಾಹನಕ್ಕೆ ಸಿಕ್ಕು ಸತ್ತ ಜಿಂಕೆಯನ್ನು ಡಿಕ್ಕಿಗೆ ಹಾಕಿಕೊಳ್ಳೋಕೆ ಸಹಾಯ ಬೇಕಿತ್ತಂತೆ. ಹೀಗೆ ಒಯ್ಯುವುದು ಕಾನೂನಿಗೆ ವಿರುದ್ಧ ಅಂದರೆ, ನಾನು, ಮಕ್ಕಳು ಹಸಿದಿದ್ದೇವೆ ಅಂದರಂತೆ ಆಕೆ. ಆ ಮಾತು ವಿಲ್ಸನ್ ಅವರನ್ನು ಬಿಡಲಿಲ್ಲ. 1997ರಲ್ಲಿ ತಮ್ಮ ಚರ್ಚಿನವರ ಜೊತೆ ಸೇರಿ 'ಫಾರ್ಮರ್ಸ್ ಅಂಡ್ ಹಂಟರ್ಸ್ ಫೀಡಿಂಗ್ ದ ಹಂಗ್ರಿ' ಶುರು ಮಾಡಿದರು. ಇದನ್ನು ಅವರು ದೇವರ ಕೆಲಸ ಅಂತಲೇ ಶುರು ಮಾಡಿದ್ದು.

ಕೊಂದು ಕೊಟ್ಟರೆ ಪುಣ್ಯವೇ?

ಈ ಪ್ರಶ್ನೆಯನ್ನು ದಾಟಿಕೊಂಡು ಮುಂದೆ ಹೋಗುವ ಹಾಗಿಲ್ಲ. ಯುಗಾದಿ ಊಟದಲ್ಲಿ ಒಬ್ಬ ಸ್ನೇಹಿತರು, ಸಸ್ಯಾಹಾರಿಗಳು, ನೇರವಾಗಿ ಕೇಳಿದರು: "ಜೀವ ತೆಗೆದು ಅನ್ನದಾನ ಅಂದರೆ ಹೇಗೆ ಮಾರಾಯರೇ?"

ಕೊಲ್ಲುವುದು ಪುಣ್ಯ ಅಂತ ನಾನು ಹೇಳುವುದಿಲ್ಲ. ಜಿಂಕೆಯ ಕಣ್ಣು ಮಂಜಾಗುವುದನ್ನು ಹತ್ತಿರದಿಂದ ನೋಡಿದವರು ಯಾರೂ ಹಾಗೆ ಹೇಳಲಾರರು. ಆದರೆ ಇಲ್ಲಿನ ಕಾಡಿನ ಸ್ಥಿತಿ ಬೇರೆ. ತೋಳಗಳು ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಈ ರಾಜ್ಯದಿಂದ ಮರೆಯಾದವು. ಜಿಂಕೆಗಳ ಸಂಖ್ಯೆ ಹತೋಟಿಯಲ್ಲಿ ಇರೋದು ಬಹುಪಾಲು ಬೇಟೆಯಿಂದ. ಜಾಸ್ತಿಯಾದರೆ ಅವು ಎಳೆ ಗಿಡಗಳನ್ನೆಲ್ಲ ಮೇಯುತ್ತವೆ, ಹೊಸ ಮರ ಏಳುವುದಿಲ್ಲ. ಚಳಿಗಾಲದಲ್ಲಿ ಮೇವಿಲ್ಲದೆ ಸೊರಗುತ್ತವೆ, ಕಾರುಗಳಿಗೆ ಸಿಕ್ಕು ರಸ್ತೆ ಬದಿಯಲ್ಲಿ ನರಳುತ್ತವೆ. ಪೆನ್ಸಿಲ್ವೇನಿಯಾದಲ್ಲಿ ಈಚಿನ ವರ್ಷಗಳಲ್ಲಿ ಒಂದೊಂದು ಸೀಸನ್‌ಗೆ 4 ಲಕ್ಷಕ್ಕೂ ಮೇಲೆ ಜಿಂಕೆ ಬೇಟೆಯಾಗುತ್ತಿವೆ. ಈ ಮಾಂಸ ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇಟೆಗಾರನ ಕೈಯಲ್ಲಿದೆ.

ನನಗೆ ಬೇಡರ ಕಣ್ಣಪ್ಪ ನೆನಪಾಗುತ್ತಾನೆ. ಪೂಜೆಯ ಮಂತ್ರ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇಟೆ ಒಂದೇ. ಮಾಂಸದ ತುಂಡುಗಳನ್ನು ಕಚ್ಚಿ ನೋಡಿ, ರುಚಿಯಾದದ್ದನ್ನೇ ಆರಿಸಿ ಶಿವನ ಮುಂದೆ ಇಟ್ಟ. ಕೈಯಲ್ಲಿ ಇರೋದರಲ್ಲಿ ಒಳ್ಳೆಯದನ್ನು ಕೊಡಬೇಕು ಅನ್ನುವುದಷ್ಟೇ ಅವನ ಲೆಕ್ಕ. ಜಿಂಕೆ ದಾನವೂ ನನಗೆ ಹಾಗೇ. ಇದರ ಫಲ ಎಲ್ಲೋ ಮೇಲೆ ಜಮೆ ಆಗುತ್ತದೋ ಇಲ್ಲವೋ, ಕಾಡಿನಿಂದ ಬುಚರ್ ಅಂಗಡಿಯವರೆಗೆ ಪ್ರತಿ ಹೆಜ್ಜೆಯಲ್ಲಿ ಕೈ ಶುದ್ಧವಾಗಿರುವುದರಲ್ಲೇ ನನಗದು ಸಿಕ್ಕಿದೆ. ಅದಕ್ಕೇ ಮುಂದಿನ ವಿವರಗಳನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಹೆಜ್ಜೆ 1: ಕಾಗದಪತ್ರ

ಹೊಸಬರು ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು. ದೊಡ್ಡವರು ಪೆನ್ಸಿಲ್ವೇನಿಯಾದಲ್ಲಿ ಆನ್‌ಲೈನಿನಲ್ಲೇ ಮಾಡಬಹುದು. ಆಮೇಲೆ ಬೇಟೆಯನ್ನು ನೋಡಿಕೊಳ್ಳುವ ರಾಜ್ಯದ ಇಲಾಖೆ ಗೇಮ್ ಕಮಿಷನ್‌ನಿಂದ ಲೈಸೆನ್ಸ್. ಅದರ ಅವಧಿ ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ. ಹೆಣ್ಣು ಜಿಂಕೆಗೆ ಬೇರೆ ಲೈಸೆನ್ಸ್ ಬೇಕು. ದಾನಕ್ಕೆ ಎರಡನೇ ಜಿಂಕೆ ಹೊಡೆಯುವ ಆಸೆ ಇದ್ದರೆ ಇದನ್ನು ಬೇಗ ತೆಗೆದುಕೊಳ್ಳಿ. ಒಳ್ಳೆಯ ಪ್ರದೇಶಗಳದ್ದು ಬೇಗ ಖಾಲಿಯಾಗುತ್ತದೆ.

ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಅಂದರೆ ಲೈಸೆನ್ಸ್ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಸ್ನೇಹಿತನ ಕೋವಿಯನ್ನು ಸುಮ್ನೆ ಹಿಡಿದು ನೋಡುವುದೂ ತೊಂದರೆಗೆ ಎಳೆಯಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ನಿಮ್ಮ ಸ್ಥಿತಿ ಯಾವುದು ಅಂತ ವಕೀಲರನ್ನು ಒಮ್ಮೆ ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಹೆಜ್ಜೆ 2: ಕಾಡಿಗಿಂತ ಮೊದಲು ಬುಚರ್ ಅಂಗಡಿ

ಜಿಂಕೆ ಹೊಡೆದ ಮೇಲೆ ಬುಚರ್ ಹುಡುಕುವುದು ಹೊಸಬರು ಮಾಡುವ ತಪ್ಪು. ಮೊದಲ ವರ್ಷ ನಾನೂ ಹೀಗೇ ಮಾಡಿದೆ. ಹತ್ತಿರದ ಒಂದು ಅಂಗಡಿಗೆ ಹೋದೆ. ಫ್ರೀಜರ್ ತುಂಬಿದೆ, ದಾನದ ಜಿಂಕೆ ಈ ವಾರ ತಗೊಳ್ಳಲ್ಲ ಅಂದರು. ರಾತ್ರಿ ಒಂಬತ್ತು ಗಂಟೆ, ಗಾಡಿಯಲ್ಲಿ ಜಿಂಕೆ, ಊರಿಡೀ ಫೋನ್ ಮಾಡುತ್ತಾ ನಿಂತಿದ್ದೆ.

ಫುಡ್ ಬ್ಯಾಂಕುಗಳು ನೀವು ಮನೆಯಲ್ಲಿ ಕೊಯ್ದ ಮಾಂಸವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಾರ್ಯಕ್ರಮಕ್ಕೆ ಸೇರಿದ ಬುಚರ್ ಮೂಲಕವೇ ಹೋಗಬೇಕು. ಆ ಪಟ್ಟಿ ಕಾರ್ಯಕ್ರಮದ ವೆಬ್‌ಸೈಟಿನಲ್ಲಿ ಜಿಲ್ಲಾವಾರು ಇರುತ್ತದೆ. ಸೀಸನ್ ಶುರುವಾಗುವ ಮೊದಲೇ ಎರಡು ಅಂಗಡಿಗೆ ಫೋನ್ ಮಾಡಿ. ಎಷ್ಟು ಗಂಟೆಯವರೆಗೆ ತೆಗೆದಿರುತ್ತೀರಿ? ಚರ್ಮ ಸುಲಿಯದೆ ತರಬೇಕೇ? ಕೂಲಿ ಯಾರು ಕೊಡುತ್ತಾರೆ? ಇಷ್ಟು ಕೇಳಿದರೆ ಸಾಕು. ಪೆನ್ಸಿಲ್ವೇನಿಯಾದಲ್ಲಿ ಕೂಲಿಯನ್ನು ಕಾರ್ಯಕ್ರಮವೇ ಕೊಡುತ್ತದೆ. ಕೆಲವು ರಾಜ್ಯಗಳಲ್ಲಿ ಬೇಟೆಗಾರ ಸ್ವಲ್ಪ ಹಾಕಬೇಕಾಗಬಹುದು.

ಹೆಜ್ಜೆ 3: ಗುಂಡು

ಇದರ ಬಗ್ಗೆ ಬೇಟೆಗಾರರಲ್ಲೇ ಜಗಳ ಇದೆ. ನನ್ನ ಅಭಿಪ್ರಾಯ ಗಟ್ಟಿ: ದಾನ ಕೊಡುವ ಜಿಂಕೆಗೆ ತಾಮ್ರದ ಗುಂಡೇ ಸರಿ. ಸೀಸದ ಗುಂಡು ಒಳಗೆ ಹೋದ ಮೇಲೆ ಚೂರುಚೂರಾಗುತ್ತದೆ. ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಒಂದು ಗೇಣಿಗಿಂತ ಜಾಸ್ತಿ ದೂರ ಹರಡಬಲ್ಲವು. 2008ರಲ್ಲಿ ನಾರ್ತ್ ಡಕೋಟದಲ್ಲಿ ದಾನದ ಮಾಂಸವನ್ನು ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ಸೀಸದ ಚೂರು ಸಿಕ್ಕವು. ಆ ಮಾಂಸವನ್ನು ಎಸೆಯಿರಿ ಅಂತ ಅಲ್ಲಿನ ಆರೋಗ್ಯ ಇಲಾಖೆ, ಜನರಿಗೆ ನೇರವಾಗಿ ಆಹಾರ ಹಂಚುವ ಫುಡ್ ಪ್ಯಾಂಟ್ರಿಗಳಿಗೆ ಹೇಳಬೇಕಾಯಿತು. ಅದಾದ ಮೇಲೆ ಮಿನ್ನೆಸೋಟದಲ್ಲಿ ದಾನದ ಮಾಂಸವನ್ನು ಎಕ್ಸ್‌ರೇ ಮಾಡುವ ಪದ್ಧತಿ ಬಂತು.

ಸೀಸ ಹೆಚ್ಚು ಕೆಡಿಸುವುದು ಮಕ್ಕಳನ್ನು, ಬಸುರಿಯರನ್ನು. ಫುಡ್ ಪ್ಯಾಂಟ್ರಿಗೆ ಬರುವವರಲ್ಲಿ ಅವರೇ ಎಷ್ಟೋ ಜನ. ತಾಮ್ರದ ಗುಂಡಿನ ಪೆಟ್ಟಿಗೆಗೆ ಸ್ವಲ್ಪ ಜಾಸ್ತಿ ದುಡ್ಡಾಗುತ್ತದೆ. ಆ ದುಡ್ಡನ್ನೂ ದಾನಕ್ಕೇ ಸೇರಿಸಿಕೊಳ್ಳಿ.

ಹೆಜ್ಜೆ 4: ಕಾಯುವುದು, ಬಿಡುವುದು

ಕೋವಿ ಸೀಸನ್, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ಶುರು. ಬೇಟೆಗಾರನ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಕಾಣಬೇಕು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮುಳುಗಿದ ಅರ್ಧ ಗಂಟೆವರೆಗೆ ಮಾತ್ರ ಗುಂಡು ಹಾರಿಸಬಹುದು. ಜಾಗ ಬೇಕಾದರೆ ಸ್ಟೇಟ್ ಗೇಮ್ ಲ್ಯಾಂಡ್ ಅಂತ ಸುಮಾರು 15 ಲಕ್ಷ ಎಕರೆ ಇದೆ. ಖಾಸಗಿ ಜಮೀನಾದರೆ ಮಾಲೀಕರ ಮನೆ ಬಾಗಿಲಿಗೆ ಹೋಗಿ ಕೇಳಿ. ಈ ಮಾಂಸ ಹಸಿದವರಿಗೆ ಹೋಗುತ್ತದೆ ಅಂದಾಗ ಒಬ್ಬ ರೈತ ನನಗೆ ಗೇಟಿನ ಬೀಗದ ಕೈಯನ್ನೇ ಕೊಟ್ಟರು.

ಹಸಿದವರಿಗಾಗಿ ಹೊಡೆಯೋಕೆ ಹೊರಟ ಮೇಲೆ ನನ್ನಲ್ಲಿ ಆದ ಮೊದಲ ಬದಲಾವಣೆ ಇದು: ಗುಂಡು ಬಿಡದೆ ಇರುವುದನ್ನು ಕಲಿತೆ. ಜಿಂಕೆ ಓರೆಯಾಗಿ ನಿಂತಿದೆ, ನಡುವೆ ಕೊಂಬೆ ಇದೆ. ಮೊದಲಾದರೆ ಹೊಡೆದುಬಿಡುತ್ತಿದ್ದೆ. ಈಗ ಹೊಟ್ಟೆಗೆ ಬಿದ್ದರೆ ಅನ್ನುವ ಯೋಚನೆ ಬರುತ್ತದೆ. ಹೊಟ್ಟೆಗೆ ಬಿದ್ದ ಗುಂಡು ಜಿಂಕೆಯನ್ನು ಗಂಟೆಗಟ್ಟಲೆ ಒದ್ದಾಡಿಸುತ್ತದೆ, ಮಾಂಸವನ್ನೂ ಕೆಡಿಸುತ್ತದೆ. ಅಂಥದ್ದನ್ನು ಯಾರ ತಟ್ಟೆಗೂ ಕೊಡಲಾಗದು. ಎದೆಗೂಡಿಗೆ ಸರಿಯಾಗಿ ಸಿಗುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗುವುದಿಲ್ಲ. ಹೋದ ವರ್ಷ ಹೀಗೆ ಮೂರು ಜಿಂಕೆಗಳನ್ನು ನೋಡಿ ಬಿಟ್ಟೆ. ಖಾಲಿ ಕೈಯಲ್ಲಿ ಮನೆಗೆ ಬಂದ ಸಂಜೆಯೂ ಬೇಸರ ಆಗಲಿಲ್ಲ. ಇದನ್ನು ನಾನು ಈ ದಾನದ ಫಲ ಅಂತಲೇ ತಿಳಿದಿದ್ದೇನೆ.

ಹೆಜ್ಜೆ 5: ಬಿದ್ದ ಮೇಲಿನ ಒಂದು ಗಂಟೆ

ದಾನದ ಮಾಂಸ ಉಳಿಯುವುದೂ ಕೆಡುವುದೂ ಈ ಒಂದು ಗಂಟೆಯಲ್ಲೇ.

ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಆತುರ ಬೇಡ. ನಾನು ಟೋಪಿ ತೆಗೆದು, ಅದರ ಕುತ್ತಿಗೆ ಮೇಲೆ ಕೈಯಿಟ್ಟು, ಕ್ಷಮಿಸು ಅಂತ ಕನ್ನಡದಲ್ಲೇ ಹೇಳುತ್ತೇನೆ. ಮೈ ಇನ್ನೂ ಬಿಸಿ ಇರುತ್ತದೆ. ನಿಮಗೆ ಯಾವ ಮಾತು ಬರುತ್ತದೋ ಅದನ್ನು ಹೇಳಿ.

ಆಮೇಲೆ ಲೈಸೆನ್ಸ್ ಜೊತೆ ಬರುವ ಟ್ಯಾಗ್ ಬರೆದು ಜಿಂಕೆಯ ಕಿವಿಗೆ ಕಟ್ಟಿ. ಕಟ್ಟದೆ ಜಿಂಕೆಯನ್ನು ಜಾಗ ಬಿಟ್ಟು ಅಲ್ಲಾಡಿಸುವ ಹಾಗಿಲ್ಲ. ಹತ್ತು ದಿನದ ಒಳಗೆ ಗೇಮ್ ಕಮಿಷನ್‌ಗೆ ವರದಿಯನ್ನೂ ಕೊಡಬೇಕು.

ಕೈಗವಸು ಹಾಕಿಕೊಂಡು ಕರುಳು ತೆಗೆಯಿರಿ. ಚೂರಿಯ ಹರಿತವಾದ ಬದಿ ಮೇಲ್ಮುಖವಾಗಿರಲಿ, ಎರಡು ಬೆರಳು ಅದರ ಅಕ್ಕಪಕ್ಕ ಇರಲಿ. ಕರುಳಿಗೋ ಮೂತ್ರಚೀಲಕ್ಕೋ ಚೂರಿ ತಾಗಿದರೆ ಅದರ ರಸ ಮಾಂಸಕ್ಕೆ ಹತ್ತುತ್ತದೆ. ಎದೆಗೂಡು ತೆರೆದಾಗ ನವೆಂಬರ್ ಚಳಿಯಲ್ಲಿ ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. ಆ ಬಿಸಿಯನ್ನೇ ನೀವು ಬೇಗ ಹೊರಗೆ ಹಾಕಬೇಕಾಗಿರೋದು. ಒಂದು ಕಡ್ಡಿ ಸಿಕ್ಕಿಸಿ ಎದೆಯನ್ನು ಅಗಲವಾಗಿ ತೆರೆದಿಡಿ. ತೊರೆಯ ನೀರಲ್ಲಿ ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಒರೆಸಿ.

ಮಾಂಸ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇರಬೇಕು. ಇಲ್ಲಿನ ಲೆಕ್ಕದಲ್ಲಿ 40 ಫ್ಯಾರನ್‌ಹೀಟ್. ಬಿಲ್ಲಿನ ಸೀಸನ್ ಅಕ್ಟೋಬರಿನಲ್ಲಿ ಬರುತ್ತದೆ, ಆಗ ಹಗಲು ಬೆಚ್ಚಗಿರುತ್ತದೆ. ಗಾಡಿಯಲ್ಲಿ ನಾಲ್ಕು ಚೀಲ ಐಸ್ ಇಟ್ಟುಕೊಂಡೇ ಹೊರಡಿ, ಎದೆಗೂಡಿನ ಒಳಗೆ ತುಂಬಿ. ಫೋಟೋ, ಫೋನು, ಸ್ನೇಹಿತರ ಮನೆ ಎಲ್ಲ ಆಮೇಲೆ. ಸೀದಾ ಬುಚರ್ ಹತ್ತಿರ ಹೋಗಿ.

ಹೆಜ್ಜೆ 6: ರೋಗದ ಪರೀಕ್ಷೆ

ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ರೋಗ ಜಿಂಕೆಗಳಲ್ಲಿ ಹರಡುತ್ತಿದೆ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡಿತು, ಪೆನ್ಸಿಲ್ವೇನಿಯಾಕ್ಕೆ 2012ರಲ್ಲಿ ಬಂತು. ಜಿಂಕೆ ಸೊರಗಿ ಸೊರಗಿ ಸಾಯುತ್ತದೆ. ಮನುಷ್ಯರಿಗೆ ಬಂದದ್ದು ದೃಢಪಟ್ಟಿಲ್ಲ. ಆದರೂ ರೋಗ ಇದೆ ಅಂತ ಗೊತ್ತಾದ ಜಿಂಕೆಯನ್ನು ತಿನ್ನಬೇಡಿ ಅಂತ ಇಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಇದನ್ನು ತರುವ ಪ್ರಯಾನ್ ಅನ್ನುವ ಕಣ ಬೇಯಿಸಿದರೂ ಹೋಗುವುದಿಲ್ಲ. ನೋಡೋಕೆ ಗಟ್ಟಿಮುಟ್ಟಾಗಿರುವ ಜಿಂಕೆಯಲ್ಲೂ ಇರಬಹುದು.

ರೋಗ ಇರುವ ಪ್ರದೇಶಗಳನ್ನು ಗೇಮ್ ಕಮಿಷನ್ ನಕ್ಷೆಯಲ್ಲಿ ಗುರುತು ಮಾಡಿದೆ. ಅಲ್ಲಿ ಹೊಡೆದ ಜಿಂಕೆಯ ತಲೆ, ಬೆನ್ನುಮೂಳೆಗಳನ್ನು ಮನಬಂದಂತೆ ಹೊರಗೆ ಒಯ್ಯುವಂತಿಲ್ಲ. ತಲೆ ಹಾಕೋಕೆ ಡಬ್ಬಿಗಳಿವೆ, ಅಲ್ಲಿ ಹಾಕಿದರೆ ಪರೀಕ್ಷೆ ಉಚಿತ. ಫಲಿತಾಂಶ ಬರೋಕೆ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಮಾಂಸ ಎಲ್ಲಿರುತ್ತದೆ ಅಂತ ಬುಚರನ್ನು ಕೇಳಿಕೊಳ್ಳಿ. ನಿಮ್ಮ ಮಕ್ಕಳಿಗೆ ಬಡಿಸೋಕೆ ಹಿಂಜರಿಯುವ ಮಾಂಸವನ್ನು ಬೇರೆಯವರ ಮಕ್ಕಳಿಗೆ ಕಳಿಸಬೇಡಿ.

ಹೆಜ್ಜೆ 7: ಇಡೀ ಜಿಂಕೆ ಕೊಡಿ

ಅಂಗಡಿಯಲ್ಲಿ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಹೆಸರು, ಲೈಸೆನ್ಸ್ ನಂಬರ್, ಎಲ್ಲಿ ಹೊಡೆದದ್ದು. ಅಷ್ಟೇ. ಮನಸ್ಸಿನಲ್ಲಿ ಎಳೆದಾಟ ಶುರುವಾಗೋದು ಇಲ್ಲೇ. ಬೆನ್ನಿನ ಉದ್ದಕ್ಕೆ ಎರಡು ಪಟ್ಟಿ ಮಾಂಸ ಇರುತ್ತದೆ, ಬ್ಯಾಕ್‌ಸ್ಟ್ರಾಪ್ ಅನ್ನುತ್ತಾರೆ. ಜಿಂಕೆಯಲ್ಲೇ ಮೆತ್ತನೆಯದು, ರುಚಿಯಾದದ್ದು ಅದು. ಅದನ್ನು ಇಟ್ಟುಕೊಂಡು ಉಳಿದದ್ದನ್ನು ಕೊಟ್ಟರೆ ಕೆಲವು ಕಡೆ ಅಡ್ಡಿಯಿಲ್ಲ. ಒಂದು ವರ್ಷ ನಾನೂ ಇಟ್ಟುಕೊಂಡೆ. ಬೆಣ್ಣೆ, ಮೆಣಸು ಹಾಕಿ ಹುರಿದು ತಿಂದೆ. ಬಾಯಿಗೆ ರುಚಿಯಿತ್ತು, ಮನಸ್ಸಿಗೆ ಇರಲಿಲ್ಲ. ಕಣ್ಣಪ್ಪ ಒಳ್ಳೆಯ ತುಂಡನ್ನು ಆರಿಸಿದ್ದು ಇನ್ನೊಬ್ಬರಿಗೆ ಕೊಡೋಕೆ ಅಲ್ವಾ? ಆಮೇಲೆ ಹಾಗೆ ಮಾಡಿಲ್ಲ.

ಒಂದು ಸಾಧಾರಣ ಜಿಂಕೆಯಲ್ಲಿ 40ರಿಂದ 50 ಪೌಂಡ್ ಮೂಳೆಯಿಲ್ಲದ ಮಾಂಸ ಸಿಗುತ್ತದೆ, ಅಂದರೆ 18ರಿಂದ 23 ಕಿಲೋ. ಒಬ್ಬರಿಗೆ ಕಾಲು ಪೌಂಡ್ ಅಂತ ಇಟ್ಟರೂ 160ರಿಂದ 200 ಊಟ. ಹೆಚ್ಚಿನದನ್ನು ಕೈಮಾ ಮಾಡಿ ಉರುಳೆಗಳಲ್ಲಿ ಕಟ್ಟುತ್ತಾರೆ. ಫುಡ್ ಪ್ಯಾಂಟ್ರಿಗಳಿಗೆ ಪಾಸ್ತಾ, ಬ್ರೆಡ್ಡು, ಡಬ್ಬಿಯ ಕಾಳು ಸುಲಭವಾಗಿ ಬರುತ್ತವೆ. ಮಾಂಸ ದುಬಾರಿ, ಅದೇ ಕಡಿಮೆ ಬರುವುದು. ಹಾಗಾಗಿ ಇದಕ್ಕೆ ಅಷ್ಟು ಬೆಲೆ. ಕಾಡುಪ್ರಾಣಿಯ ಮಾಂಸವನ್ನು ಇಲ್ಲಿ ಮಾರುವ ಹಾಗೂ ಇಲ್ಲ. ಇಟ್ಟುಕೊಳ್ಳಬೇಕು, ಇಲ್ಲವೇ ಕೊಡಬೇಕು.

ಕೊಟ್ಟ ಮಾಂಸದಿಂದ ಯಾರಿಗಾದರೂ ತೊಂದರೆಯಾದರೆ ಕೇಸು ಬೀಳುತ್ತದೇನೋ ಅಂತ ಕೆಲವರು ಹಿಂದೆ ಸರಿಯುತ್ತಾರೆ. 1996ರ ಬಿಲ್ ಎಮರ್ಸನ್ ಗುಡ್ ಸಮಾರಿಟನ್ ಕಾಯ್ದೆ ಒಳ್ಳೆಯ ಮನಸ್ಸಿನಿಂದ ಆಹಾರ ಕೊಟ್ಟವರಿಗೆ ರಕ್ಷಣೆ ಕೊಡುತ್ತದೆ. ಗೊತ್ತಿದ್ದೂ ಕೆಟ್ಟದ್ದನ್ನು ಕೊಟ್ಟವರಿಗೆ ಆ ರಕ್ಷಣೆ ಇಲ್ಲ.

ಹೆಜ್ಜೆ 8: ಒಂದು ದಿನ ಪ್ಯಾಂಟ್ರಿಯಲ್ಲಿ ನಿಲ್ಲಿ

ಇದನ್ನು ಯಾರೂ ನಿಮಗೆ ಕಡ್ಡಾಯ ಮಾಡುವುದಿಲ್ಲ. ಆದರೂ ಮಾಡಿ. ಜನವರಿಯ ಒಂದು ಶನಿವಾರ ನಿಮ್ಮ ಊರಿನ ಫುಡ್ ಪ್ಯಾಂಟ್ರಿಗೆ ಸ್ವಯಂಸೇವಕರಾಗಿ ಹೋಗಿ. ಇದು ನಾನು ಹೊಡೆದದ್ದು ಅಂತ ಹೇಳಬೇಡಿ. ನಿಮ್ಮ ಜಿಂಕೆಯೇ ಅಲ್ಲಿಗೆ ಬಂದಿರುತ್ತದೆ ಅಂತಲೂ ಇಲ್ಲ. ಯಾರದ್ದೋ ಜಿಂಕೆ, ಯಾರದ್ದೋ ಮನೆಗೆ. ನಮ್ಮಲ್ಲಿ ಗುಪ್ತದಾನ ಅಂತ ಹುಂಡಿಗೆ ಹಾಕುತ್ತೇವಲ್ಲ, ಹಾಗೆ. ಕೊಟ್ಟವರ ಮುಂದೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಫ್ರೀಜರ್ ಹತ್ತಿರ ನಿಂತರೆ ಎರಡು ಕೆಲಸ ಇರುತ್ತದೆ. ಒಂದು, ಇದು ಜಿಂಕೆ ಮಾಂಸ ಅಂತ ಸ್ಪಷ್ಟವಾಗಿ ಹೇಳುವುದು. ತಿನ್ನದವರೂ ಬರುತ್ತಾರೆ, ಗೊತ್ತಿಲ್ಲದೆ ಒಯ್ಯಬಾರದು. ಇನ್ನೊಂದು, ಅಡುಗೆ ಹೇಳಿಕೊಡುವುದು. ಇದರಲ್ಲಿ ಕೊಬ್ಬು ಬಹಳ ಕಡಿಮೆ, ಸುಮ್ನೆ ಹುರಿದರೆ ಒಣಗಿ ಬಿರುಸಾಗುತ್ತದೆ. ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ, ಈರುಳ್ಳಿ, ಟೊಮೆಟೊ ಜೊತೆ ಬೇಯಿಸಿ ಅನ್ನುತ್ತೇನೆ. ಕೈಮಾ ಒಳಗಿನವರೆಗೆ 71 ಡಿಗ್ರಿ, ಅಂದರೆ 160 ಫ್ಯಾರನ್‌ಹೀಟ್ ಬಿಸಿಯಾಗಬೇಕು. ಮನೆಯಲ್ಲಿ ನನ್ನ ಹೆಂಡತಿ ಹುರಿಗಡಲೆ ಪುಡಿ ಹಾಕಿ ಕೈಮಾ ಉಂಡೆ ಮಾಡುತ್ತಾಳೆ. ಅದನ್ನು ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದು ಫ್ರೀಜರ್ ಬಾಗಿಲಿಗೆ ಅಂಟಿಸಿದ್ದೇವೆ. ಹುರಿಗಡಲೆ ಇಲ್ಲದವರಿಗೆ ಬ್ರೆಡ್ ಪುಡಿ ಅಂತ ಕೆಳಗೆ ಸೇರಿಸಿದ್ದಾಳೆ.

ಹೋದ ಜನವರಿಯಲ್ಲಿ ಒಬ್ಬ ವಯಸ್ಸಾದವರು ಬಂದರು. ಎರಡು ಉರುಳೆ ಕೊಟ್ಟೆ. ಕೈಯಲ್ಲಿ ತೂಗಿ ನೋಡಿ, ಒಂದನ್ನು ವಾಪಸ್ ಇಟ್ಟರು. ಸಾಲಿನಲ್ಲಿ ಹಿಂದೆ ಮಕ್ಕಳನ್ನು ಕಟ್ಟಿಕೊಂಡ ಒಬ್ಬ ತಾಯಿ ನಿಂತಿದ್ದರು. ಅವರ ಕಡೆ ಗಲ್ಲದಿಂದಲೇ ಸನ್ನೆ ಮಾಡಿ, ಏನೂ ಹೇಳದೆ ಹೊರಟುಹೋದರು. ನಾನು ಆ ಉರುಳೆಯನ್ನು ತಾಯಿಯ ಚೀಲಕ್ಕೆ ಹಾಕಿದೆ. ಹಿತ್ತಲ ಬಾಗಿಲಿಂದ ಖಾಲಿ ಕೈಯಲ್ಲಿ ತಿರುಗಿ ಬರುತ್ತಿದ್ದ ಅಜ್ಜಿ ಅವತ್ತಿಡೀ ಕಣ್ಣ ಮುಂದೆ ಇದ್ದರು.

ಹೊಸ ಲೈಸೆನ್ಸ್ ಮಾರಾಟ ಜೂನ್ ಕೊನೆಯ ಹೊತ್ತಿಗೆ ಶುರುವಾಗುತ್ತದೆ. ಹೆಣ್ಣು ಜಿಂಕೆಯದ್ದನ್ನೂ ಅವತ್ತೇ ನೋಡಿಕೊಳ್ಳಿ, ಬುಚರ್‌ಗೆ ಸೆಪ್ಟೆಂಬರಿನಲ್ಲಿ ಫೋನ್ ಮಾಡಿ.